ಹತ್ತೂವರೆಯ ಕೊಲೆಗಾರ

ಮುಂಬಯಿ ಪಕ್ಕದ ಡೊಂಬಿವಲಿಯವರು ಸಜ್ಜನರು. ಹೀಗೆ ಹೇಳುವವರೂ ಡೊಂಬಿವಲಿಯವರೇ ಆದ್ದರಿಂದ ಸಾಕ್ಷಿ ಹುಡುಕಿಕೊಂಡು ಬೇರೆ ಊರಿಗೆ ಹೋಗಬೇಕಾಗಿಲ್ಲ. ದೀಪಾವಳಿಯ ಬೆಳಿಗ್ಗೆ ಹೊಸ ಬಟ್ಟೆ ತೊಟ್ಟು, ಫಡ್ಕೆ ರಸ್ತೆಯ ಗಣಪತಿಗೆ ಕೈಮುಗಿದು, ಎದುರಾದವರಿಗೆಲ್ಲ ಹಲ್ಲು ತೋರಿಸಿ ಬರುವ ಊರು ಇದು. ತನ್ನನ್ನು ತಾನೇ ಸಾಂಸ್ಕೃತಿಕ ನಗರಿ ಎಂದು ಕರೆದುಕೊಳ್ಳುತ್ತದೆ. ಮಕ್ಕಳು ಎಂಜಿನಿಯರಾಗುತ್ತಾರೆ, ಅಪ್ಪಂದಿರು ಪಿಂಚಣಿ ಲೆಕ್ಕ ಹಾಕುತ್ತಾರೆ, ಹೆಂಗಸರು ಲೋಕಲ್ ರೈಲಿನಲ್ಲೇ ಬೀನ್ಸ್ ಮುರಿದು ಮುಗಿಸಿ ಇಳಿಯುತ್ತಾರೆ. ಇಂಥ ಊರಿನ ಜನ ರಾತ್ರಿ ಊಟ ಮುಗಿಸಿ, 'ಆ ಕೊಲೆಗಾರ ಇವತ್ತೊಂದು ದಿನ ಸಿಕ್ಕಿಬೀಳದಿರಲಿ' ಎಂದು ಟೀವಿ ಮುಂದೆ ಹಾರೈಸುತ್ತ ಕೂತಿದ್ದರು ಎಂದರೆ ನೀವು ನಂಬಲಿಕ್ಕಿಲ್ಲ. ನಮ್ಮ ಮನೆಯಲ್ಲಿ ಹಾರೈಸುತ್ತಿದ್ದದ್ದು ಏಕಾದಶಿಗೆ ಹನಿ ನೀರೂ ಮುಟ್ಟದ ಅಮ್ಮ.

2020ರ ಆಗಸ್ಟ್ 31ರಂದು ಝೀ ಮರಾಠಿಯಲ್ಲಿ ರಾತ್ರಿ ಹತ್ತೂವರೆಯ ಧಾರಾವಾಹಿ 'ದೇವಮಾಣೂಸ್' ಶುರುವಾಯಿತು. ಕೊರೋನಾ ಕಾಲ. ಲೋಕಲ್ ಅಗತ್ಯ ಸೇವೆಯವರಿಗೆ ಮಾತ್ರ. ನನ್ನಂಥ ಖಾಸಗಿ ಕಂಪನಿಯ ಗುಮಾಸ್ತರು ಯಾವ ಸೇವೆಗೂ ಅಗತ್ಯವಿಲ್ಲವೆಂದು ಸರಕಾರವೇ ತೀರ್ಮಾನಿಸಿತ್ತು. ಹಾಗಾಗಿ ಹತ್ತೂವರೆಗೆ ನಾನೂ ಸೋಫಾದಲ್ಲಿ ಹಾಜರು. ಕತೆ ಇಷ್ಟೇ: ಹಳ್ಳಿಗೊಬ್ಬ ಡಾಕ್ಟರ್ ಬಂದಿದ್ದಾನೆ, ಅಜಿತ್‌ಕುಮಾರ್ ದೇವ್. ಊರವರ ಪಾಲಿಗೆ ದೇವರಂಥ ಮನುಷ್ಯ. ಅಸಲಿಗೆ ಡಿಗ್ರಿ ಇಲ್ಲದ ನಕಲಿ ವೈದ್ಯ, ಹೆಂಗಸರನ್ನು ನಂಬಿಸಿ ದೋಚಿ ಕೊಂದು ಹೂಳುವವ. ಸಾತಾರಾ ಜಿಲ್ಲೆಯ ವಾಯಿಯಲ್ಲಿ 2016ರಲ್ಲಿ ಬಯಲಾದ ಪ್ರಕರಣವೊಂದರ ಎಳೆ ಅದರಲ್ಲಿತ್ತು. ಕಿರಣ್ ಗಾಯಕ್ವಾಡ್ ಆ ಡಾಕ್ಟರನನ್ನು ಎಷ್ಟು ಮೆಲುದನಿಯಲ್ಲಿ, ಎಷ್ಟು ನಯವಾಗಿ ನಿಭಾಯಿಸಿದನೆಂದರೆ, ಜ್ವರ ಬಂದರೆ ಅವನಲ್ಲಿಗೇ ಹೋಗೋಣ ಅನ್ನಿಸುತ್ತಿತ್ತು. ಒಂದು ಕಡೆ ಹೆಣ ಬೀಳುತ್ತದೆ, ಅದರ ಬೆನ್ನಿಗೇ ಸರೂ ಅಜ್ಜಿ ಎಂಬ ಮುದುಕಿ ಗಾದೆಯ ಮೇಲೆ ಗಾದೆ ಹೇರಿ ಮನೆಯವರನ್ನೆಲ್ಲ ಬೈಯುತ್ತಾಳೆ. ಹೆದರಬೇಕೋ ನಗಬೇಕೋ ನಿಶ್ಚಯಿಸುವಷ್ಟರಲ್ಲಿ ಜಾಹೀರಾತು.

ಎಸಿಪಿ ದಿವ್ಯಾ ಸಿಂಗ್ ಡಾಕ್ಟರನ ಸುತ್ತ ಬಲೆ ಬಿಗಿಗೊಳಿಸಿದಾಗ ಅಮ್ಮನಿಗೆ ತಳಮಳ. "ಇಷ್ಟು ಬೇಗ ಸಿಕ್ಕುದು ಬೇಡ ಮಾರಾಯ. ಇವ ಜೈಲಿಗೆ ಹೋದ್ರೆ ನಾಳೆಯಿಂದ ನೋಡ್ಲಿಕ್ಕೆ ಏನುಂಟು?"

"ಅಮ್ಮ, ಅವ ಕೊಲೆಗಾರ."

"ಗೊತ್ತುಂಟು. ಪಾಪಿ. ಛೀ. ಸ್ವಲ್ಪ ಸೌಂಡ್ ಜಾಸ್ತಿ ಮಾಡು."

ಏಕಾದಶಿಯ ದಿನ ಇಂಥದ್ದನ್ನು ನೋಡಬಹುದೇ ಎಂದು ನನ್ನ ಹೆಂಡತಿ ಮೆಲ್ಲಗೆ ಕೆಣಕಿದಳು. "ನೋಡುದಕ್ಕೆ ದೋಷ ಇಲ್ಲ, ತಿಂದ್ರೆ ಮಾತ್ರ" ಎಂದು ಅಮ್ಮ ತೀರ್ಪು ಕೊಟ್ಟಳು. ಧಾರಾವಾಹಿಯಿಂದ ಅವಳು ಪಾಠ ಕಲಿಯಲಿಲ್ಲ ಎನ್ನುವಂತಿಲ್ಲ. ಮುಂದಿನ ಸಲ ಬಿಪಿ ತೋರಿಸಲು ಹೋದಾಗ, ಇಷ್ಟು ವರ್ಷ ನಂಬಿದ ಡಾಕ್ಟರರ ಗೋಡೆಯ ಮೇಲಿನ ಸರ್ಟಿಫಿಕೇಟನ್ನು ಕನ್ನಡಕ ಏರಿಸಿ ಪೂರ್ತಿ ಓದಿದಳು. ಹೊರಗೆ ಬಂದು, "ಚೌಕಟ್ಟು ಹೊಸದುಂಟಲ್ಲ?" ಎಂದಳು.

ಇದೇ ಅಮ್ಮ ಒಂದು ಕಾಲಕ್ಕೆ ಪೊಲೀಸರ ಪಕ್ಷದಲ್ಲಿದ್ದವಳು. 1998ರಲ್ಲಿ 'ಸಿಐಡಿ' ಬಂದಾಗ, ಬಾಗಿಲು ಒಡೆಯುವ ಇನ್‌ಸ್ಪೆಕ್ಟರ್ ದಯಾ ನಮ್ಮ ಉಡುಪಿ ಕಡೆಯ ದಯಾನಂದ ಶೆಟ್ಟಿ ಎಂದು ಗೊತ್ತಾದ ಮೇಲಂತೂ ಅವನು ಒಡೆದ ಪ್ರತಿ ಬಾಗಿಲೂ ಅವಳಿಗೆ ಊರಿನ ಹೆಮ್ಮೆ. ಅದಕ್ಕೂ ಹಿಂದೆ, 1985ರಲ್ಲಿ, ಚಾಳಿನ ಒಂದೇ ಒಂದು ಕಪ್ಪು ಬಿಳುಪು ಟೀವಿಯ ಮುಂದೆ 'ಕರಮ್‌ಚಂದ್' ನೋಡಲು ಮಹಡಿಯ ಜನವೆಲ್ಲ ಸೇರುತ್ತಿತ್ತು. ಪಂಕಜ್ ಕಪೂರ್ ಕಪ್ಪು ಕನ್ನಡಕ ಹಾಕಿ, ಕ್ಯಾರೆಟ್ ಕಡಿಯುತ್ತ, ಸಹಾಯಕಿ ಕಿಟ್ಟಿಯ ಬಾಯಿ ಮುಚ್ಚಿಸುತ್ತ ಕೊಲೆಗಾರನನ್ನು ಹಿಡಿಯುತ್ತಿದ್ದ. ಪತ್ತೇದಾರನೆಂದರೆ ಗಂಭೀರವಾಗಿರಬೇಕೆಂದು ನಂಬಿದ್ದ ನಮಗೆ ಈ ತಿಕ್ಕಲ ಹೊಸ ರುಚಿ. ಸತ್ತವರ ಬಗ್ಗೆ ಚಾಳಿನಲ್ಲಿ ಯಾರಿಗೂ ಚಿಂತೆಯಿರಲಿಲ್ಲ. ಅಮ್ಮನ ಚಿಂತೆ ಅವನು ಕ್ಯಾರೆಟ್ ತೊಳೆದಿದ್ದಾನೋ ಇಲ್ಲವೋ ಎಂಬುದು.

ಕ್ಯಾರೆಟ್ ತಿನ್ನುವ ಪತ್ತೇದಾರನಿಂದ ಹೆಣ ಹೂಳುವ ಡಾಕ್ಟರನವರೆಗೆ ನಾವು ಯಾವಾಗ ಬಂದೆವೋ. ಡೊಂಬಿವಲಿಯ ಮಟ್ಟಿಗೆ ನಡುವಿನ ಸ್ಟೇಷನ್ 2005. ನಿಶಿಕಾಂತ್ ಕಾಮತ್ ನಿರ್ದೇಶನದ 'ಡೊಂಬಿವಲಿ ಫಾಸ್ಟ್' ಬಂದ ವರ್ಷ. ಟೀವಿಯದ್ದಲ್ಲ, ಸಿನಿಮಾ, ಆದರೆ ನಮ್ಮ ಮನೆಯವರು ಅದನ್ನು ನೋಡಿದ್ದೆಲ್ಲ ಟೀವಿಯಲ್ಲೇ. ಮಾಧವ ಆಪ್ಟೆ, ಬ್ಯಾಂಕ್ ನೌಕರ, ದಿನವೂ ಅದೇ ಲೋಕಲ್, ಅದೇ ನೂಕುನುಗ್ಗಲು. ಲಂಚ, ಡೊನೇಷನ್ನು ಎಲ್ಲ ನೋಡಿ ನೋಡಿ ಒಂದು ದಿನ ತಲೆ ಕೆಟ್ಟು ಕ್ರಿಕೆಟ್ ಬ್ಯಾಟ್ ಹಿಡಿದು ಬೀದಿಗಿಳಿಯುತ್ತಾನೆ. ನಮ್ಮ ಮಹಡಿಯಲ್ಲೇ ಮೂರು ಆಪ್ಟೆಗಳಿದ್ದರು. ಸಿನಿಮಾ ನೋಡಿದ ವಾರವೆಲ್ಲ ಅವರ ಮನೆಯ ಬ್ಯಾಟುಗಳನ್ನು ನಾವು ಬೇರೆಯೇ ಕಣ್ಣಿನಿಂದ ನೋಡಿದೆವು. ಅಮ್ಮನಿಗೆ ಮಾತ್ರ ಅವನು ಹಿಡಿಸಲಿಲ್ಲ. "ಪ್ರಾಮಾಣಿಕ ಹೌದು, ತಾಳ್ಮೆ ಇಲ್ಲ" ಎಂದಳು. ಅವಳ ಒಲವು ಸದ್ದಿಲ್ಲದೆ ಕೆಲಸ ಮುಗಿಸುವವರ ಕಡೆ. 2014ರ 'ದೃಶ್ಯ'ದಲ್ಲಿ ರವಿಚಂದ್ರನ್ ಮಾಡಿದ ಕೇಬಲ್ ಆಪರೇಟರ್ ರಾಜೇಂದ್ರ ಪೊನ್ನಪ್ಪ, ನೋಡಿದ ಸಿನಿಮಾಗಳ ಬಲದಿಂದಲೇ ಇಡೀ ಪೊಲೀಸ್ ಇಲಾಖೆಯನ್ನು ಯಾಮಾರಿಸಿದ ಮೇಲೆ, ನಮ್ಮ ಕೇಬಲ್ ಹುಡುಗನಿಗೆ ತಿಂಗಳ ಮೊದಲ ವಾರದಲ್ಲೇ ದುಡ್ಡು ಸಂದಾಯವಾಗತೊಡಗಿತು. ಅದೇ ಕತೆಯನ್ನು ಮರುವರ್ಷ ಹಿಂದಿಗೆ ತಂದವರೂ ನಮ್ಮ 'ಡೊಂಬಿವಲಿ ಫಾಸ್ಟ್'ನ ಕಾಮತರೇ.

ನನ್ನ ಕೊಲೆಗಾರರು ಫಾರಿನ್ನಿನವರು, ಮೊಬೈಲಿನಲ್ಲಿ ಸಿಗುವವರು. ಮಯಾಮಿ ಪೊಲೀಸರ ಬಳಿ ಹಗಲು ರಕ್ತದ ಕಲೆ ಪರೀಕ್ಷಿಸಿ ರಾತ್ರಿ ತಾನೇ ರಕ್ತ ಹರಿಸುವ ಡೆಕ್ಸ್ಟರ್. ಸಂಬಳ ಸಾಲದೆ ಕಾರು ತೊಳೆಯುವ, ಕ್ಯಾನ್ಸರ್ ಬಂದದ್ದೇ ಮಾದಕ ದ್ರವ್ಯ ಕುದಿಸಲು ಕೂರುವ ರಸಾಯನಶಾಸ್ತ್ರದ ಮೇಷ್ಟ್ರು ವಾಲ್ಟರ್ ವೈಟ್. 'ಬ್ರೇಕಿಂಗ್ ಬ್ಯಾಡ್' ನೋಡುತ್ತಿದ್ದಾಗ ಒಂದು ವಿಷಯದಲ್ಲಿ ನನಗೆ ಅವನ ಬಗ್ಗೆ ಮರುಕ. ಸುಮ್ಮನೆ ಮರುಭೂಮಿಯಲ್ಲಿ ವ್ಯಾನು ನಿಲ್ಲಿಸಿಕೊಂಡು ಒದ್ದಾಡಿದ. ಕೆಮಿಕಲ್ ಕಾರ್ಖಾನೆಗಳ ನಮ್ಮ ಎಂಐಡಿಸಿಗೆ ಬಂದಿದ್ದರೆ ಒಂದು ಶೆಡ್ ಬಾಡಿಗೆಗೆ ಹಿಡಿಯಬಹುದಿತ್ತು. 2014ರಲ್ಲಿ ಹಸಿರು ಮಳೆ ಸುರಿದ, 2020ರಲ್ಲಿ ರಸ್ತೆಯೇ ಗುಲಾಬಿ ಬಣ್ಣಕ್ಕೆ ತಿರುಗಿದ ಊರಿನಲ್ಲಿ ಅವನ ನೀಲಿ ಹರಳನ್ನು ಯಾರು ತಿರುಗಿ ನೋಡುತ್ತಿದ್ದರು?

ಈ ಜೋಕನ್ನು ಹೇಳಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಲೋಕಲ್ಲಿನಲ್ಲಿ ಮೂವರ ಬೆಂಚಿಗೆ ನಾಲ್ಕನೆಯವನಾಗಿ, ಫೋರ್ತ್ ಸೀಟಿನ ತುದಿಯಲ್ಲಿ ಅರ್ಧ ಕೂತು ಅರ್ಧ ನೇತಾಡುತ್ತ, ಕಿವಿಗೆ ತಂತಿ ಸಿಕ್ಕಿಸಿ, ಐದೂ ಸೀಸನ್ ಮುಗಿಸಿದೆ. ಸುತ್ತ ಎಲ್ಲರ ಕೈಯಲ್ಲೂ ಅವರವರ ಕೊಲೆಗಾರ. ಒಬ್ಬ ನಗುತ್ತಾನೆ, ಯಾವ ಹೆಣಕ್ಕೆ ಎಂದು ತಿಳಿಯುವುದಿಲ್ಲ. ನನ್ನನ್ನು ಕಾಡಿದ್ದು ನಗುವಿನ ಕೊರತೆಯಲ್ಲ. ಮೇಷ್ಟ್ರು ಒಂದೊಂದೇ ಮೆಟ್ಟಿಲು ಇಳಿದು ರಾಕ್ಷಸನಾಗುವಾಗ ನಾನು ಹಿಂದೆಯೇ ತಲೆದೂಗುತ್ತ ಇಳಿದೆ, ಒಮ್ಮೆಯೂ ಯಾರೂ "ಛೀ" ಎನ್ನಲಿಲ್ಲ. ಸೋಫಾದಲ್ಲಿ ಆ ಕೆಲಸ ಅಮ್ಮನದಾಗಿತ್ತು. ಡಾಕ್ಟರ್ ಗೆಲ್ಲಲಿ ಎಂದು ಹಾರೈಸುತ್ತಲೇ ಅವನಿಗೆ ಶಾಪ ಹಾಕುವುದು ಅವಳಿಗೆ ಕರಗತ. ಅವಳು ಬೈಯುತ್ತಿದ್ದದ್ದರಿಂದಲೇ ನಾನು ನಿಶ್ಚಿಂತೆಯಿಂದ ನಗುತ್ತಿದ್ದೆ.

'ದೇವಮಾಣೂಸ್' 2021ರ ಆಗಸ್ಟ್ 15ಕ್ಕೆ ಮುಗಿಯಿತು. ಎರಡು ಡೋಸ್ ಲಸಿಕೆ ಹಾಕಿಸಿಕೊಂಡವರಿಗೆ ಲೋಕಲ್ ಬಾಗಿಲು ತೆರೆದದ್ದೂ ಅದೇ ದಿನ. ಆಮೇಲೆ ಹತ್ತೂವರೆಗೆ ನಾನು ಮನೆಯಲ್ಲಿ ಎಚ್ಚರವಿದ್ದದ್ದು ಕಡಿಮೆ. ಎರಡನೇ ಭಾಗವನ್ನು ಅಮ್ಮ ಒಬ್ಬಳೇ ನೋಡಿದಳು. ಮೂರನೆಯದು 2025ರಲ್ಲಿ ಬಂತು. ಅಷ್ಟರಲ್ಲಿ ಅವಳಿರಲಿಲ್ಲ, ನಾನು ಹಾಕಲಿಲ್ಲ. ನಿಮ್ಮ ಮನೆಯಲ್ಲಿ "ಛೀ" ಎನ್ನುವ ಹಿರಿಯರು ಇನ್ನೂ ಇದ್ದರೆ, ಮೊಬೈಲನ್ನು ಆಚೆಗಿಟ್ಟು ರಿಮೋಟನ್ನು ಅವರ ಕೈಗೆ ಕೊಡಿ. ಅವರು ಸೌಂಡ್ ಜಾಸ್ತಿ ಮಾಡು ಎಂದರೆ ಮಾಡಿ.