ಎರಡು ಮನೆಯ ಹಿರಿಯರು

ಆಫೀಸಿನ ಹೆಲ್ತ್ ಇನ್ಶೂರೆನ್ಸ್ ಫಾರ್ಮ್ ತುಂಬ್ತಾ ಇದೀನಿ. ಗಂಡ, ಮಕ್ಕಳ ಹೆಸರು ಸಲೀಸಾಗಿ ಸೇರಿತು. ಆಮೇಲೆ ಬಂತು ನೋಡಿ: ‘ತಂದೆ-ತಾಯಿ ಅಥವಾ ಅತ್ತೆ-ಮಾವ, ಒಂದು ಜೋಡಿ ಮಾತ್ರ’.

ಅಮ್ಮನಿಗೆ ಶುಗರ್, ಮಾವನಿಗೆ ಬಿಪಿ. ಯಾರನ್ನು ಬಿಡೋದು? ಜೋಡಿ ಅನ್ನೋ ಬದಲು ‘ಯಾರಾದರೂ ಇಬ್ಬರು ಹಿರಿಯರು’ ಅಂತ ಎಲ್ಲ ಕಂಪನಿಗಳೂ ಕೊಟ್ಟರೆ ಎಷ್ಟೋ ಹೆಣ್ಣುಮಕ್ಕಳಿಗೆ ನೆಮ್ಮದಿ.

ಇಲ್ಲಿ ಸೇರದವರಿಗೆ ಬೇರೆ ಪಾಲಿಸಿ ಮಾಡಿಸಲು ತಡ ಮಾಡಬೇಡಿ. ವಿಮಾ ಕಂಪನಿಗಳು ಎಲ್ಲ ವಯಸ್ಸಿನವರಿಗೂ ಪಾಲಿಸಿ ಕೊಡಬೇಕು ಅನ್ನೋ ನಿಯಮ 2024ರಲ್ಲಿ ಬಂದಿದೆ. ಆದರೆ ಮೊದಲೇ ಇರುವ ಕಾಯಿಲೆಗೆ 3 ವರ್ಷದವರೆಗೂ ಕಾಯಬೇಕಾಗಬಹುದು. ಇವತ್ತು ಮಾಡಿಸಿದರೆ ಆ ಲೆಕ್ಕ ಇವತ್ತೇ ಶುರು.

ನಿಮ್ಮ ಆಫೀಸಲ್ಲಿ ಹೇಗಿದೆ? ಎರಡೂ ಕಡೆಯವರನ್ನು ಸೇರಿಸೋಕೆ ಬಿಡ್ತಾರಾ?