ನಡುಗಣದ ಮೂವರು

ಹ್ಯಾಟ್ರಿಕ್, 1997ರಲ್ಲಿ ಸ್ವೀಡನ್ನಿನಲ್ಲಿ ಹುಟ್ಟಿದ ಆನ್‌ಲೈನ್ ಫುಟ್‌ಬಾಲ್ ಆಟ. ಇಲ್ಲಿ ನಾವು ಚೆಂಡು ಒದೆಯುವುದಿಲ್ಲ, ತಂಡ ನಡೆಸುತ್ತೇವೆ. ಲೀಗಿನಲ್ಲಿ ಎಂಟು ತಂಡ; ವಾರಕ್ಕೊಂದರಂತೆ ಸೀಸನ್ನಿಗೆ 14 ಪಂದ್ಯ. ಪಂದ್ಯ ನಡೆಯುವುದು ಸಾಲು ಸಾಲಾಗಿ ಮೂಡುವ ಬರಹದಲ್ಲಿ.

ಪುಣೆಗೆ ಬಂದ ಹೊಸದರಲ್ಲಿ, ಆಫೀಸು ಮುಗಿದರೆ ಮಾತಿಗೆ ಯಾರೂ ಇಲ್ಲದೆ, ನಾನೂ ಒಂದು ತಂಡ ತೆಗೆದುಕೊಂಡೆ. ಊರಿನ ಹೆಸರನ್ನೇ ಇಟ್ಟೆ. ಇದ್ದ ದುಡ್ಡನ್ನೆಲ್ಲ ಸುರಿದು ಇಬ್ಬರು ಫಾರ್ವರ್ಡ್‌ಗಳನ್ನು ಕೊಂಡೆ. ಮೊದಲ ಪಂದ್ಯದಲ್ಲಿ 0–6 ಸೋಲು, ಎರಡನೆಯದರಲ್ಲಿ 1–5. ಇಲ್ಲದ ಆಟಗಾರರು ಸೋತದ್ದಕ್ಕೆ ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಸೋಲಿಸಿದಾತನೇ ಸಂದೇಶ ಕಳಿಸಿದ. ಮಿಡ್‌ಫೀಲ್ಡ್ ಗಟ್ಟಿಯಿಲ್ಲದಿದ್ದರೆ ಚೆಂಡೇ ಸಿಗದು, ಫಾರ್ವರ್ಡ್‌ಗಳು ಸುಮ್ಮನೆ ನಿಂತಿರುತ್ತಾರೆ; ಎಳೆಯರು ಬೇಗ ಕಲಿಯುತ್ತಾರೆ, ಹದಿನೇಳರ ಹುಡುಗರನ್ನು ತಂದು ಒಂದೇ ತರಬೇತಿ ಕೊಡು, ಆಮೇಲೆ ಕಾಯಿ ಅಂದ.

ಒಬ್ಬ ಫಾರ್ವರ್ಡ್‌ನನ್ನು ಮಾರಿ ಮೂವರು ಹುಡುಗರನ್ನು ತಂದೆ. ಕಾಯುವುದೇ ಕಷ್ಟವಾಗಿತ್ತು. ವಾರಗಟ್ಟಲೆ ಸೋತೆ, ಆದರೆ ಅಂತರ ಕಡಿಮೆಯಾಗುತ್ತ ಬಂತು. ಕೊನೆಯ ಪಂದ್ಯ 2–1ರಿಂದ ಗೆದ್ದೆ. ಲೀಗಿನಲ್ಲಿ ಏಳನೇ ಸ್ಥಾನ, ಅಷ್ಟೆ. ಆದರೂ ಕುರ್ಚಿಯಿಂದ ಎದ್ದು ನಿಂತಿದ್ದೆ. ರೂಮಿನಲ್ಲಿ ಹೇಳಿಕೊಳ್ಳಲು ಯಾರೂ ಇರಲಿಲ್ಲ.

ಅಷ್ಟರಲ್ಲಿ ಅವನ ಸಂದೇಶ ಬಂತು: “ನೋಡ್ತಾ ಇದ್ದೆ.”