ನಾಲ್ಕು ಚಕ್ರದ ಸವತಿ

ನನಗೊಬ್ಬಳು ಸವತಿ ಇದ್ದಾಳೆ. ಬಣ್ಣ ಬಿಳುಪು. ಹುಟ್ಟಿದ್ದು 2009ರಲ್ಲಿ, ನಮ್ಮ ಪುತ್ತೂರಿನ ಮನೆಗೆ ಬಂದದ್ದು 2016ರ ಆಷಾಢದಲ್ಲಿ. ಆಷಾಢದಲ್ಲಿ ಯಾರಾದರೂ ಮನೆ ತುಂಬಿಸಿಕೊಳ್ಳುತ್ತಾರೆಯೇ ಎಂದು ನಾನು ಗೊಣಗಿದ್ದೂ ಉಂಟು. ಕೇಳುವವರು ಯಾರು? ಹೆಸರು ಜಿಪ್ಸಿ. ಮಾರುತಿ ಕಂಪೆನಿಯವರು 1985ರಲ್ಲಿ ಶುರುಮಾಡಿದ ಈ ವಂಶ 2019ರ ಹೊತ್ತಿಗೆ ನಮ್ಮಂಥ ಸಾಮಾನ್ಯರ ಪಾಲಿಗೆ ನಿಂತುಹೋಯಿತು. ಸೈನ್ಯದವರೂ ಪೊಲೀಸರೂ ಓಡಿಸುತ್ತಿದ್ದ ಗಾಡಿ ಅದು. ಮುಂದಿನ ಎರಡು ಚಕ್ರಗಳಿಗೂ ಎಂಜಿನ್ನಿನ ಬಲ ಹೋಗುವಂತೆ ಮಾಡಲು ಗೇರಿನ ಪಕ್ಕದಲ್ಲೇ ಇನ್ನೊಂದು ಕೋಲು. ಹಿಂದೆಯೂ ಮುಂದೆಯೂ ಲಾರಿಗಿರುವಂಥ ಪಟ್ಟಿ ಸ್ಪ್ರಿಂಗು. ಕೂತವರ ಬೆನ್ನುಮೂಳೆಗೆ ರಸ್ತೆಯ ಪ್ರತಿಯೊಂದು ಹೊಂಡದ ಲೆಕ್ಕವನ್ನೂ ತಪ್ಪದೆ ಒಪ್ಪಿಸುವ ಪ್ರಾಮಾಣಿಕ ಗಾಡಿ.

ನಮ್ಮವರು ಅದನ್ನು ಕೊಂಡದ್ದು ಅಡುಗೆಮನೆಯ ಕಟ್ಟೆಗೆ ಕಪ್ಪು ಗ್ರಾನೈಟ್ ಹಾಕಿಸಲೆಂದು ಇಟ್ಟಿದ್ದ ದುಡ್ಡಿಗೆ ಇನ್ನಷ್ಟು ಸೇರಿಸಿ. ಇದನ್ನು ನಾನು ಮರೆತಿಲ್ಲ. ಮರೆಯದಿರುವುದರಲ್ಲಿ ನಮ್ಮ ಹೆಂಗಸರಿಗೆ ವಿಶೇಷ ಪ್ರಾವೀಣ್ಯ ಉಂಟಲ್ಲ!

ಮೊದಮೊದಲು ಅದು ಶೆಡ್ಡಿನಲ್ಲಿ ಸುಮ್ಮನಿತ್ತು. ಸರ್ಕಸ್ಸು ಶುರುವಾದದ್ದು 2020ರಲ್ಲಿ. ಆ ವರ್ಷ ಏಪ್ರಿಲ್ ಒಂದಕ್ಕೆ ಇವರು ಮೂವತ್ತಕ್ಕೂ ಹೆಚ್ಚು ವರ್ಷ ದುಡಿದ ಬ್ಯಾಂಕು ಇನ್ನೊಂದು ಬ್ಯಾಂಕಿನಲ್ಲಿ ವಿಲೀನವಾಯಿತು. ನಮ್ಮ ಜಿಲ್ಲೆಯವರಿಗೆ ಬ್ಯಾಂಕೆಂದರೆ ಬರೀ ಕಟ್ಟಡವಲ್ಲ, ಊರ ದೇವಸ್ಥಾನದ ಹಾಗೆ. ಹೊರಗೆ ಲಾಕ್‌ಡೌನು. ಆ ವರ್ಷವೇ ನಿವೃತ್ತಿ. ಮಗಳು ಮದುವೆಯಾಗಿ ಪುಣೆಯಲ್ಲಿ. ನಮ್ಮಿಬ್ಬರ ನಡುವಿನ ಮಾತು "ಊಟಕ್ಕೆ ಆಯ್ತು", "ಗ್ಯಾಸ್ ಬುಕ್ ಮಾಡಿದ್ದೀರಾ" ಎಂಬಲ್ಲಿಗೆ ಇಳಿದಿತ್ತು. ಒಂದು ಬೆಳಿಗ್ಗೆ ನೋಡುತ್ತೇನೆ, ಇವರು ಹಳೆಯ ಲುಂಗಿ ಉಟ್ಟು ಗಾಡಿಯ ಅಡಿಯಲ್ಲಿ ಮಲಗಿದ್ದಾರೆ. ಬರೀ ಪಾದ ಕಾಣುತ್ತಿತ್ತು.

ಅಲ್ಲಿಂದ ಸವತಿಯ ಶೃಂಗಾರಕ್ಕೆ ಕೊನೆಯೇ ಇರಲಿಲ್ಲ. ಹಲ್ಲು ಹಲ್ಲಿನ ದೊಡ್ಡ ಟಯರು. ಎತ್ತರ ಹೆಚ್ಚಿಸುವ ಹೊಸ ಸ್ಪ್ರಿಂಗು. ಮುಂದೆ ಕಬ್ಬಿಣದ ಗಾರ್ಡು, ಅದರಲ್ಲೊಂದು ಹಗ್ಗದ ರಾಟೆ. ತಲೆಯ ಮೇಲೆ ಕ್ಯಾರಿಯರು. ಪಕ್ಕದಲ್ಲಿ ಆನೆಯ ಸೊಂಡಿಲಿನಂಥ ಕೊಳವೆ, ಅದಕ್ಕೆ ಸ್ನಾರ್ಕೆಲ್ ಎನ್ನುತ್ತಾರಂತೆ.

"ಇದೆಲ್ಲ ಎಲ್ಲಿಗೆ?" ಎಂದೆ.

"ಸ್ಪಿತಿಗೆ," ಎಂದರು.

ನಾನು ಸಮಾಜ ಪಾಠ ಹೇಳುವವಳು. ಕಪ್ಪು ಹಲಗೆಯ ಮೇಲೆ ವರ್ಷಕ್ಕೊಮ್ಮೆ ಹಿಮಾಲಯ ಬರೆದು, ಸೀಮೆಸುಣ್ಣದಲ್ಲಿ ಸಟ್ಲೆಜ್ ಹರಿಸಿ, ಗಂಟೆ ಹೊಡೆದ ಕೂಡಲೇ ಡಸ್ಟರಿನಲ್ಲಿ ಒರೆಸಿಬಿಡುವವಳು. ಕಣ್ಣಾರೆ ನೋಡಿರಲಿಲ್ಲ. ಹಾಗಾಗಿ ಆ ದಿನ ಬಾಯಿ ಮುಚ್ಚಿಕೊಂಡೆ.

ಆದರೆ ಟೀಚರಿಗೆ ಎಷ್ಟು ದಿನ ಬಾಯಿ ಕಟ್ಟುತ್ತದೆ? ಪ್ರಶ್ನೆ ಕೇಳತೊಡಗಿದೆ. ಗ್ಯಾರೇಜಿನ ಹುಡುಗ ಇವರಿಗಿಂತ ಚೆನ್ನಾಗಿ ಪಾಠ ಹೇಳುತ್ತಿದ್ದ. "ಟೀಚರೇ, ಎಂಜಿನ್ನಿನೊಳಗೆ ಪಿಸ್ಟನ್ನು ಗಾಳಿಯನ್ನು ಒತ್ತುತ್ತದೆ. ಗಾಳಿ ಒತ್ತಿಸಿಕೊಳ್ಳುತ್ತದೆ, ನೀರು ಒತ್ತಿಸಿಕೊಳ್ಳುವುದಿಲ್ಲ. ಹೊಳೆ ದಾಟುವಾಗ ಉಸಿರಿನ ಜೊತೆ ನೀರು ಎಳೆದುಕೊಂಡರೆ ಒಳಗಿನ ರಾಡೇ ಬಗ್ಗುತ್ತದೆ. ಅದಕ್ಕೇ ಮೂಗು ಮೇಲಿರಬೇಕು." ಎಷ್ಟು ಸರಳ! ಆದರೂ ಹೊಳೆಯ ಆಳ ತಿಳಿಯದೆ, ಮೂಗು ಮೇಲಿದೆಯೆಂಬ ಧೈರ್ಯದಲ್ಲಿ ನುಗ್ಗಬಾರದೆಂದೂ ಅವನೇ ಹೇಳಿದ. ಚಕ್ರದ ನಡುವಿನ ಗೇರು ಪೆಟ್ಟಿಗೆಯೊಳಗೂ ನೀರು ಹೊಗುವುದುಂಟು. ಹೊಳೆ ದಾಟಿ ಬಂದ ಮೇಲೆ ಅದರ ಎಣ್ಣೆ ತೆಗೆದು ನೋಡಬೇಕು. ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಹೊಕ್ಕಿದೆ, ಬದಲಾಯಿಸಬೇಕು. ಅಡುಗೆಮನೆಯ ಉಪಮೆ ಸಿಕ್ಕಿತಲ್ಲ, ನನಗೆ ಆಮೇಲೆ ಯಾವುದೂ ಮರೆಯಲಿಲ್ಲ.

ಮೂಗಿಗಿಂತ ಮೂಗುತಿ ಭಾರವಾದದ್ದೂ ಅವನ ಬಾಯಿಂದಲೇ ತಿಳಿಯಿತು. ತಲೆಯ ಮೇಲೆ ಹೊರೆ ಹೇರಿದಷ್ಟೂ ಗಾಡಿ ತಿರುವಿನಲ್ಲಿ ವಾಲುತ್ತದೆ. ಎತ್ತರಿಸಿದರೆ ಹೆಡ್‌ಲೈಟಿನ ಬೆಳಕು ಎದುರಿನವರ ಕಣ್ಣಿಗೆ ಹೊಡೆಯುತ್ತದೆ, ಚಕ್ರಕ್ಕೆ ಬಲ ಒಯ್ಯುವ ಉದ್ದನೆಯ ಶಾಫ್ಟಿನ ಓರೆ ಹೆಚ್ಚಿ ಅದರ ಗಂಟು ಬೇಗ ಸವೆಯುತ್ತದೆ. ಇನ್ನು ಕಾನೂನು. ಮುಂದಿನ ಕಬ್ಬಿಣದ ಗಾರ್ಡು ಕೂಡದೆಂದು ಕೇಂದ್ರ ಸರ್ಕಾರ 2017ರಲ್ಲೇ ಹೇಳಿದೆ, ಪಾದಚಾರಿಗಳ ಜೀವಕ್ಕೆ ಅಪಾಯವೆಂದು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಲ್ಲಿ ಗಾಡಿಯನ್ನು ಮನಬಂದಂತೆ ಮಾರ್ಪಡಿಸುವುದಕ್ಕೆ ಕಡಿವಾಣವಿದೆ. ಇವರಿಗೆ ಅದನ್ನು ಓದಿ ಹೇಳಿದೆ. ಮುಖ ಗಂಟಿಕ್ಕಿದರೂ ಗಾರ್ಡು ಇಳಿಯಿತು, ರಾಟೆ ಇಳಿಯಿತು. ಆ ಜಾಗಕ್ಕೆ ಎಳೆಯುವ ಹಗ್ಗ, ಒಂದು ಗುದ್ದಲಿ, ಗಾಳಿ ತುಂಬುವ ಪಂಪು ಬಂತು. ಫ್ಯಾನ್ ಬೆಲ್ಟು, ರೇಡಿಯೇಟರಿನ ಹೋಸು, ಕ್ಲಚ್ ಕೇಬಲು ಒಂದೊಂದು ಹೆಚ್ಚಿಗೆ. ನೋಡಿದರೆ ಎಲ್ಲವೂ ಒಂದು ಕೈಚೀಲದೊಳಗೆ ಹಿಡಿಯುವ ಸಾಮಾನು. ದಾರಿಯಲ್ಲಿ ಜನ ನಿಂತುಹೋಗುವುದು ಇಂಥವು ಇಲ್ಲದೆಯೇ ಅಂತೆ.

ಇದರ ಜೊತೆಗೆ ನಾನೊಂದು ಹಾಜರಿ ಪುಸ್ತಕ ಮಾಡಿದೆ. ಎಡಗಡೆ ಭಾಗಗಳ ಹೆಸರು, ಬಲಗಡೆ ತಾರೀಕು. ಎಣ್ಣೆ, ಕೂಲೆಂಟು, ಬ್ರೇಕು, ಗಾಳಿ. ಹೊಸ ಸ್ಪ್ರಿಂಗು ಹಾಕಿದ ಮೇಲೆ ಅದನ್ನು ಅಚ್ಚಿಗೆ ಕಟ್ಟಿ ಹಿಡಿಯುವ ಯು-ಬೋಲ್ಟುಗಳನ್ನು ಕೆಲವು ನೂರು ಕಿಲೋಮೀಟರು ಓಡಿದ ಮೇಲೆ ಮತ್ತೆ ಬಿಗಿಯಬೇಕೆಂದು ಹುಡುಗ ಒತ್ತಿ ಹೇಳಿದ್ದ. ಹೊಸ ಪಟ್ಟಿಗಳು ಒಂದರ ಮೇಲೊಂದು ಕೂರುತ್ತಾ ಬೋಲ್ಟು ಸಡಿಲವಾಗುತ್ತದಂತೆ. ಸಡಿಲವಾದದ್ದು ಕಣ್ಣಿಗೆ ಕಾಣಲು ಅವನೊಂದು ಉಪಾಯ ಕಲಿಸಿದ. ಬಿಗಿದ ನಟ್ಟಿನಿಂದ ಪಕ್ಕದ ಕಬ್ಬಿಣಕ್ಕೆ ಒಂದು ಬಣ್ಣದ ಗೆರೆ ಎಳೆಯುವುದು. ಗೆರೆ ತುಂಡಾಗಿ ಅತ್ತಿತ್ತ ಸರಿದರೆ ನಟ್ಟು ತಿರುಗಿದೆ ಎಂದರ್ಥ. ಮಗಳು ಬಿಟ್ಟುಹೋದ ಕೆಂಪು ನೇಲ್‌ಪಾಲಿಶ್ ಕಪಾಟಿನಲ್ಲಿತ್ತು. ಸವತಿಗೆ ನಾನೇ ಉಗುರುಬಣ್ಣ ಹಚ್ಚಿದೆ!

2022ರ ದಸರಾ ರಜೆಗೆ ಒಂದಷ್ಟು ಗಳಿಕೆ ರಜೆ ಸೇರಿಸಿ ಹೊರಟೆವು. ಶಿಮ್ಲಾದವರೆಗೇ ಎರಡೂವರೆ ಸಾವಿರ ಕಿಲೋಮೀಟರು. ಅಲ್ಲಿಂದ ಕಿನ್ನೌರದ ದಾರಿ. ಮನಾಲಿಯಿಂದ ಹೋದರೆ ಹತ್ತಿರ, ಆದರೆ ಒಮ್ಮೆಲೇ ಎತ್ತರ. ಕಿನ್ನೌರದಲ್ಲಿ ಮೆಲ್ಲಮೆಲ್ಲಗೆ ಏರುವುದರಿಂದ ಮೈಗೆ ಒಗ್ಗಲು ಸಮಯ ಸಿಗುತ್ತದೆ. ಖಾಬ್ ಎಂಬಲ್ಲಿ ಸ್ಪಿತಿ ನದಿ ಸಟ್ಲೆಜನ್ನು ಸೇರುತ್ತದೆ. ನಾನು ಅಷ್ಟು ವರ್ಷ ಸೀಮೆಸುಣ್ಣದಲ್ಲಿ ಎಳೆದ ನದಿ ಅಲ್ಲಿ ಬಂಡೆಗಳ ನಡುವೆ ಸದ್ದು ಮಾಡುತ್ತಿತ್ತು. ಗಾಡಿ ನಿಲ್ಲಿಸಿ ಎಂದೆ. ಎಷ್ಟು ಹೊತ್ತು ನಿಂತೆನೋ, ಇವರು ಅವಸರ ಮಾಡಲಿಲ್ಲ.

ಮೇಲೆ ಹೋದಂತೆ ಗಾಡಿಗೂ ನಮಗೂ ಒಂದೇ ಕಾಯಿಲೆ, ಏದುಸಿರು. ಸಾವಿರ ಮೀಟರು ಏರಿದಂತೆಲ್ಲ ಎಂಜಿನ್ನಿನ ಬಲ ಹೆಚ್ಚುಕಡಿಮೆ ಹತ್ತನೇ ಒಂದು ಪಾಲು ಕುಗ್ಗುತ್ತದೆ. ಕಾಜಾ ಊರು ಮೂರೂವರೆ ಸಾವಿರ ಮೀಟರಿಗೂ ಮೇಲೆ. ಅಲ್ಲಿ ನೀರು ಬೇಗ ಕುದಿಯುತ್ತದೆ, ಅನ್ನ ಮಾತ್ರ ಬೇಯುವುದಿಲ್ಲ. ಕುಕ್ಕರೇ ಬೇಕು. ಉಸಿರಿಗೆ ಗಾಳಿ ಸಾಲದೆ ಎಂಜಿನ್ನು ಸೋತು, ಒತ್ತಡ ಸಾಲದೆ ಅನ್ನ ಬೇಯದೆ, ಎರಡಕ್ಕೂ ಒಂದೇ ಕಾರಣ ಎಂದು ಹೊಳೆದಾಗ ನನಗೇ ನಗು ಬಂತು.

ಕಾಜಾದಲ್ಲಿ ರಾತ್ರಿ ಜಗಳವಾಯಿತು. ಯಾಕೆಂದು ಕೇಳಬೇಡಿ. ಚಳಿಗೆ ತಲೆನೋವು, ತಲೆನೋವಿಗೆ ಸಿಟ್ಟು, ಸಿಟ್ಟಿಗೆ ಗ್ರಾನೈಟು. "ಅಷ್ಟು ದುಡ್ಡು ಈ ಡಬ್ಬಕ್ಕೆ ಸುರಿದಿರಿ" ಎಂದುಬಿಟ್ಟೆ. ಇವರು ಮಾತಾಡಲಿಲ್ಲ, ಗೋಡೆಯ ಕಡೆ ಹೊರಳಿದರು.

ಬೆಳಿಗ್ಗೆ ಕುಂಜುಮ್ ಕಣಿವೆಗೆ ಹೊರಡಬೇಕು. ನಾಲ್ಕೂವರೆ ಸಾವಿರ ಮೀಟರು ಎತ್ತರ, ಅದರಾಚೆ ರಸ್ತೆಯೆಂದರೆ ಬಂಡೆ ಮತ್ತು ತೊರೆ. ಮಧ್ಯಾಹ್ನವಾದರೆ ಹಿಮ ಕರಗಿ ತೊರೆಗಳಲ್ಲಿ ನೀರೇರುತ್ತದೆ, ಬೇಗ ದಾಟಬೇಕು. ಸಿಟ್ಟಿದ್ದರೂ ಹಾಜರಿ ತಪ್ಪಿಸುವ ಅಭ್ಯಾಸ ನನಗಿಲ್ಲ. ಟಾರ್ಚು ಹಿಡಿದು ಬಗ್ಗಿ ನೋಡಿದೆ. ಹಿಂದಿನ ಎಡಗಡೆ ಚಕ್ರದ ಬಳಿ ಎರಡು ಕೆಂಪು ಗೆರೆ ತುಂಡಾಗಿದ್ದವು.

ಇವರನ್ನು ಕರೆದೆ. ಅಡಿಗೆ ತೂರಿ ಕೈಯಾಡಿಸಿ ನೋಡಿದವರು ಸ್ವಲ್ಪ ಹೊತ್ತು ಉಸಿರೆತ್ತಲಿಲ್ಲ. ಹಾಗೇ ಹೋಗಿದ್ದರೆ ಪಟ್ಟಿಗಳ ನಡುವಿನ ಬೋಲ್ಟು ತುಂಡಾಗಿ ಅಚ್ಚೇ ಪಕ್ಕಕ್ಕೆ ಸರಿಯುವ ಸಂಭವ. ಒಂದು ಕಡೆ ಪ್ರಪಾತವಿರುವ ದಾರಿಯಲ್ಲಿ! ಶಿಮ್ಲಾದಲ್ಲಿ ಬಿಗಿಯಬೇಕಿತ್ತು, ಪುಸ್ತಕದಲ್ಲಿ ನಾನು ಬರೆದೂ ಇದ್ದೆ. "ನಾಳೆ ನೋಡುವಾ" ಎಂದಿದ್ದರು. ನಾನೂ ಸುಮ್ಮನಾಗಿದ್ದೆ.

ಸ್ಪ್ಯಾನರು ಕೊಡಲೆಂದು ನಾನೂ ಅಡಿಗೆ ತೂರಿದೆ. ನೆಲ ಮಂಜುಗಡ್ಡೆಯ ಹಾಗೆ. ಇಬ್ಬರೂ ಅಂಗಾತ ಮಲಗಿ ಕಬ್ಬಿಣ ನೋಡುತ್ತಿದ್ದೇವೆ. ಮುಖ ಕಾಣದಿದ್ದರೆ ಗಂಡಸರಿಗೆ ಮಾತು ಸಲೀಸೋ ಏನೋ.

"ನೋಡು ಮಾರಾಯ್ತಿ," ಎಂದರು, ಬಿಗಿಯುತ್ತಲೇ. "ಅಷ್ಟು ವರ್ಷ ದುಡಿದೆ. ಒಂದು ಬೆಳಿಗ್ಗೆ ಬೋರ್ಡು ಇಳಿಸಿದರು. ನಾನು ಎಲ್ಲಿ ಕೆಲಸ ಮಾಡಿದ್ದೆ ಅಂತ ಯಾರಿಗಾದರೂ ತೋರಿಸಲಿಕ್ಕೆ ಇಲ್ಲ. ಇದಾದರೂ ನನ್ನ ಕೈಯಲ್ಲಿ ಬಿಚ್ಚಿ ಜೋಡಿಸಿದ್ದು ಅಂತ ಇರಲಿ ಅನಿಸಿತು."

ಎರಡು ವರ್ಷ ಆ ಗಾಡಿಯ ಒಂದೊಂದು ಭಾಗದ ಹೆಸರು ಕೇಳಿ ಬರೆದುಕೊಂಡ ನಾನು, ಇವರನ್ನು ಈ ಒಂದು ಪ್ರಶ್ನೆ ಕೇಳಿರಲಿಲ್ಲ. "ಇನ್ನೊಂದು ಸುತ್ತು ಬಿಗೀರಿ," ಎಂದೆ. ಬೇರೇನೂ ಹೇಳಲು ಬರಲಿಲ್ಲ. ಎದ್ದು ಬಂದು ಹೊಸ ಗೆರೆ ಎಳೆದೆ. ಚಳಿಗೆ ಬಣ್ಣ ಒಣಗಲು ಬಹಳ ಹೊತ್ತು ಹಿಡಿಯಿತು. ಅಷ್ಟರಲ್ಲಿ ಇಬ್ಬರೂ ಎರಡೆರಡು ಲೋಟ ಚಹಾ ಕುಡಿದೆವು. ಕುಂಜುಮ್ ದಾಟುವಾಗ ಕೆಂಪು ಗೆರೆಗಳು ಹಾಗೇ ಇದ್ದವು.

2024ರಲ್ಲಿ ಗಾಡಿಗೆ ಹದಿನೈದು ತುಂಬಿತು. ನೋಂದಣಿ ನವೀಕರಿಸಲು ಕ್ಯಾರಿಯರು, ಸೊಂಡಿಲು ಎಲ್ಲ ಕಳಚಿ, ಹುಟ್ಟಿದಂತೆ ಮಾಡಿ ತಪಾಸಣೆಗೆ ಒಯ್ದೆವು. ಹಸಿರು ತೆರಿಗೆ ಕಟ್ಟಿ ಬಂದೆವು. ಇನ್ನು 2029ರವರೆಗೆ ಚಿಂತೆಯಿಲ್ಲ. ಇವರಿಗೆ ಕಣ್ಣಿನ ಪೊರೆಯ ಆಪರೇಷನ್ ಆದಮೇಲೆ ರಾತ್ರಿ ಹೊತ್ತು ಸ್ಟೇರಿಂಗು ನನ್ನದು. ಸುಬ್ರಹ್ಮಣ್ಯದವರೆಗೆ ಧೈರ್ಯವಾಗಿ ಹೋಗಿಬರುತ್ತೇನೆ.

ಅಡುಗೆಮನೆಯ ಕಟ್ಟೆ ಈಗಲೂ ಸಿಮೆಂಟಿನದೇ. ಮೊನ್ನೆ ಇವರು ಪಿಂಚಣಿ ತಂದು ಮೇಜಿನ ಮೇಲಿಟ್ಟು, "ಈ ಸಲ ಗ್ರಾನೈಟ್ ಹಾಕಿಸಿಯೇ ಬಿಡುವಾ," ಎಂದರು. ನಾನು ಹಾಜರಿ ಪುಸ್ತಕ ತೆರೆದು ನೋಡಿದೆ.

"ಮೊದಲು ಕ್ಲಚ್ ಪ್ಲೇಟ್ ಆಗಲಿ," ಎಂದೆ.